ದುರ್ಗಕ್ಕೆ ಮೊದಲ ಸಲ ಬರ್ತಿದ್ದೀರಾ? ಒಂದು ಗಂಟೆ ಸಾಲದು

ದೀಪಾವಳಿ ಮುಗಿದು ಮದುವೆ ಸೀಸನ್ ಶುರುವಾಯಿತೆಂದರೆ ನಮ್ಮ ಮನೆ ಫೋನಿಗೆ ಪುರುಸೊತ್ತಿಲ್ಲ. “ಅಕ್ಕಾ, ನಾಳೆ ಹುಬ್ಬಳ್ಳಿಗೆ ಹೊರಟಿದ್ದೀವಿ. ದಾರೀಲೇ ಅಲ್ವಾ ಚಿತ್ರದುರ್ಗ? ಹಂಗೇ ಕೋಟೆ ನೋಡ್ಕೊಂಡು ಹೋಗ್ಬಿಡೋಣ ಅಂತ. ಒಂದು ಗಂಟೆ ಸಾಕಲ್ವಾ?”

ಮೊದಲೆಲ್ಲ ನಾನೂ “ಹೂಂ, ಸಾಕು ಬನ್ನಿ” ಅಂತಿದ್ದೆ. ಈಗ ಹಾಗೆ ಹೇಳೋದಿಲ್ಲ. ಯಾಕೆ ಅನ್ನೋದನ್ನ ಮೊದಲು ಹೇಳಿ, ಆಮೇಲೆ ಉಪಯೋಗಕ್ಕೆ ಬರುವ ಮಾತಿಗೆ ಬರ್ತೀನಿ.

ಮೈಸೂರಿನಲ್ಲಿದ್ದ ನನ್ನ ಸೋದರಮಾವ ನಿವೃತ್ತ ಮೇಷ್ಟ್ರು. ತ.ರಾ.ಸು. ಅವರ ‘ದುರ್ಗಾಸ್ತಮಾನ’ವನ್ನ ಮೂರು ಸಲ ಓದಿದ್ದವರು. ಕೊನೆಯ ಮದಕರಿ ನಾಯಕ, ಹೈದರಾಲಿಯ ಮುತ್ತಿಗೆ, 1779ರಲ್ಲಿ ಕೋಟೆ ಬಿದ್ದದ್ದು, ನಾಯಕನನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದದ್ದು, ಎಲ್ಲ ಅವರ ಬಾಯಲ್ಲೇ ಇತ್ತು. ಆದರೆ ದುರ್ಗವನ್ನು ಕಣ್ಣಾರೆ ನೋಡಿರಲಿಲ್ಲ. ಒಂದು ಏಪ್ರಿಲ್‌ನಲ್ಲಿ ದಾವಣಗೆರೆಯ ಮದುವೆಗೆ ಹೊರಟವರು ಹುಳಿಯಾರು, ಹಿರಿಯೂರು ದಾಟಿ ನಮ್ಮಲ್ಲಿಗೆ ಬಂದರು. ಸಂಜೆ ಆರತಕ್ಷತೆಗೆ ಮುಟ್ಟಬೇಕಿತ್ತು. “ಒಂದು ಗಂಟೆ ಸಾಕು ಮಾವ, ಓಬವ್ವನ ಕಿಂಡಿ ನೋಡ್ಕೊಂಡು ಬಂದ್ಬಿಡೋಣ” ಅಂತ ನಾನೇ ಹೊರಡಿಸಿದೆ. ಆಗ ಬೆಳಿಗ್ಗೆ ಹನ್ನೊಂದೂವರೆ. ಐದು ಜನಕ್ಕೆ ಇದ್ದದ್ದು ಎರಡೇ ಬಾಟಲಿ ನೀರು.

ಏಕನಾಥೇಶ್ವರಿ ಗುಡಿಯ ಹತ್ತಿರ ಬರುವಷ್ಟರಲ್ಲಿ ಮಾವನ ಮುಖ ಬಾಡಿತ್ತು. ಬೆವರು ನಿಂತುಹೋಗಿ ಮೈ ಕಾದಿತ್ತು. ನೆರಳಲ್ಲಿ ಮಲಗಿಸಿ, ಯಾರೋ ಪುಣ್ಯಾತ್ಮರು ಕೊಟ್ಟ ನೀರು ಕುಡಿಸಿ, ಮುಖಕ್ಕೆ ತಣ್ಣೀರು ಹಾಕಿ, ಇಬ್ಬರು ಹಿಡಿದುಕೊಂಡು ಕೆಳಗಿಳಿಸಿದೆವು. ಡಾಕ್ಟರು ಬಿಸಿಲಿನ ಹೊಡೆತ ಅಂದರು. ಎರಡು ಬಾಟಲಿ ಡ್ರಿಪ್ ಹಾಕಿದ ಮೇಲೆ ಚೇತರಿಸಿಕೊಂಡರು. “ಇನ್ನೊಂದ್ಸಲ ಪುರುಸೊತ್ತಲ್ಲಿ ಬರ್ತೀನಿ ಕಣಮ್ಮ” ಅಂತ ಹೇಳಿ ಹೋದರು. ಆ ಇನ್ನೊಂದು ಸಲ ಬರಲೇ ಇಲ್ಲ. ಎರಡು ವರ್ಷದ ನಂತರ ಬೇರೆ ಕಾಯಿಲೆಯಲ್ಲಿ ಹೋಗಿಬಿಟ್ಟರು.

ಅವತ್ತಿನಿಂದ ನಮ್ಮ ಮನೆಗೆ ಬರುವ ನೆಂಟರಿಗೆಲ್ಲ ನಾನು ಹೇಳೋದು ಒಂದೇ: ಅರ್ಧ ದಿನ ಇಲ್ಲದಿದ್ದರೆ ಕೋಟೆ ಹತ್ತಬೇಡಿ, ಕೆಳಗಿಂದಲೇ ಕೈಮುಗಿದು ಹೋಗಿ. ಅರ್ಧ ದಿನ ಇದ್ದರೆ ಮಾತ್ರ ಮುಂದೆ ಓದಿ.

ಯಾವ ತಿಂಗಳು, ಯಾವ ಹೊತ್ತು

ಅಕ್ಟೋಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಮಳೆ ಮುಗಿದ ಹೊಸತರಲ್ಲಿ ಬಂದರೆ ಹೊಂಡಗಳಲ್ಲಿ ನೀರಿರುತ್ತದೆ, ಬಂಡೆಗಳ ನಡುವೆ ಹಸಿರೂ ಇರುತ್ತದೆ. ಜೂನ್, ಜುಲೈನಲ್ಲಿ ಮಳೆಗಿಂತ ಗಾಳಿ ಜಾಸ್ತಿ. ಸುತ್ತಲ ಗುಡ್ಡಗಳ ಮೇಲೆ ಗಾಳಿಯಂತ್ರ ಸುಮ್ಮನೆ ನೆಟ್ಟಿಲ್ಲ. ಮಳೆ ಹನಿದ ದಿನ ಮಾತ್ರ ಜೋಕೆ, ನೂರಾರು ವರ್ಷ ಜನ ಓಡಾಡಿ ಸವೆದ ಕಲ್ಲು ಸೋಪಿನ ಹಾಗೆ ಜಾರುತ್ತದೆ. ಮಾರ್ಚ್‌ನಿಂದ ಮೇವರೆಗೆ ಬರಲೇಬೇಕಾದರೆ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಬಂದು ಹತ್ತು ಗಂಟೆಗೆಲ್ಲ ಇಳಿದುಬಿಡಿ. ಇದು ಕಲ್ಲಿನ ಕೋಟೆ. ಮೇಲಿನ ಬಿಸಿಲು ಒಂದು ಕಡೆಯಾದರೆ ಕೆಳಗಿನ ಬಂಡೆಯ ಕಾವು ಇನ್ನೊಂದು ಕಡೆ.

ಸಂಜೆ ಬರುವವರು ಮೂರೂವರೆ ನಾಲ್ಕಕ್ಕೆ ಹತ್ತಲು ಶುರುಮಾಡುತ್ತಾರೆ. ಸೂರ್ಯ ಮುಳುಗೋದು ಚೆಂದವೇ, ಆದರೆ ಕಾವಲಿನವರು ಸೀಟಿ ಊದಿ ಇಳಿಸುವ ಹೊತ್ತಿಗೆ ನೀವಿನ್ನೂ ಅರ್ಧ ದಾರಿಯಲ್ಲೇ ಇರುತ್ತೀರಿ. ಮೊದಲ ಸಲಕ್ಕೆ ಬೆಳಗಿನ ಹೊತ್ತೇ ಸರಿ.

ಬರೋದು ಹೇಗೆ

ಬೆಂಗಳೂರಿನಿಂದ ಸುಮಾರು 200 ಕಿ.ಮೀ., ಪುಣೆ ಹೆದ್ದಾರಿಯಲ್ಲಿ ನೆಟ್ಟಗೆ ಬರಬೇಕು. ತುಮಕೂರು, ಶಿರಾ, ಹಿರಿಯೂರು ದಾಟಿದರೆ ದುರ್ಗ. ಬೈಪಾಸ್‌ನಲ್ಲೇ ಮುಂದೆ ಹೋಗಿಬಿಡಬೇಡಿ, ಊರೊಳಗೆ ಬನ್ನಿ. ಬಸ್ಸಿನಲ್ಲಿ ಬಂದರೆ ನಿಲ್ದಾಣದಿಂದ ಕೋಟೆ ಬಾಗಿಲವರೆಗೂ ಆಟೋ ಹೋಗುತ್ತದೆ. ರೈಲಿನವರಿಗೆ ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರು ಜಂಕ್ಷನ್ ಅನುಕೂಲ. ಬೆಂಗಳೂರು–ಹುಬ್ಬಳ್ಳಿ ಮಾರ್ಗದ ನಿಲ್ದಾಣ ಅದು, ದುರ್ಗದ ಕಡೆಯ ರೈಲುದಾರಿ ಅಲ್ಲಿಂದಲೇ ಕವಲೊಡೆಯುತ್ತದೆ.

ದೂರದಿಂದ ಬರುವವರು ಹಿಂದಿನ ರಾತ್ರಿಯೇ ಬಂದು ಊರಲ್ಲಿ ಉಳಿದುಕೊಳ್ಳೋದು ಒಳ್ಳೇದು. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಐದು ಗಂಟೆ ಕಾರಲ್ಲಿ ಕೂತು ಬಂದವರಿಗೆ ಹತ್ತುವ ಹೊತ್ತಿಗೆ ಹುರುಪೇ ಇರೋದಿಲ್ಲ.

ಚೀಲದಲ್ಲಿ ಏನಿರಬೇಕು

ತಲೆಗೊಂದರಂತೆ ಒಂದು ಲೀಟರ್ ನೀರು. ದೊಡ್ಡವರು ಹೊರಲಾರದಿದ್ದರೆ ಹುಡುಗರ ಬೆನ್ನಿಗೆ ಹಾಕಿ. ಮೇಲೆ ಹೋದಮೇಲೆ ಸಿಗುತ್ತದೆ ಅಂತ ನಂಬಿಕೊಂಡು ಹೋಗಬೇಡಿ. ಜೊತೆಗೆ ಒಂದಿಷ್ಟು ಬೆಲ್ಲ ಅಥವಾ ಉಪ್ಪು ಸಕ್ಕರೆ ಬೆರೆಸಿದ ನಿಂಬೆ ಪಾನಕ. ಬಿ.ಪಿ., ಸಕ್ಕರೆ ಕಾಯಿಲೆಯವರು ತಮ್ಮ ಮಾತ್ರೆ ಮರೆಯಬಾರದು.

ತಿಂಡಿ ಪೊಟ್ಟಣ ಕೈಯಲ್ಲಿ ಹಿಡಿದು ಓಡಾಡಬೇಡಿ. ಕೋಟೆಯ ಕೋತಿಗಳಿಗೆ ಪ್ಲಾಸ್ಟಿಕ್ ಕವರ್ ಸರಬರ ಅಂದರೆ ಸಾಕು, ಎಲ್ಲಿದ್ದರೂ ಇಳಿದು ಬರುತ್ತವೆ. ಬಾಳೆಹಣ್ಣು, ಬಿಸ್ಕತ್ತು ಏನಿದ್ದರೂ ಜಿಪ್ ಇರುವ ಚೀಲದೊಳಗೇ ಇರಲಿ. ಅವು ಕಿತ್ತುಕೊಂಡರೆ ಬಿಟ್ಟುಬಿಡಿ, ಜಗ್ಗಾಡಬೇಡಿ. ಕನ್ನಡಕ, ಮೊಬೈಲ್ ಜೋಪಾನ.

ಕಾಲಿಗೆ ಹಿಡಿತ ಇರುವ ಶೂ ಅಥವಾ ಬೆಲ್ಟ್ ಚಪ್ಪಲಿ. ಮದುವೆ ಮನೆಯ ಹೈಹೀಲ್ಡ್, ರೇಷ್ಮೆ ಸೀರೆಯಲ್ಲಿ ಹತ್ತಲು ಬಂದವರನ್ನ ನಾನೇ ಎಷ್ಟೋ ಸಲ ನೋಡಿದ್ದೀನಿ, ಅವರು ಫೋಟೋ ತೆಗೆಸಿಕೊಂಡು ಮೊದಲ ಬಾಗಿಲಿಂದಲೇ ವಾಪಸ್. ಒಂದು ಜೊತೆ ಕಾಲುಚೀಲವೂ ಇರಲಿ. ಗುಡಿಗಳ ಮುಂದೆ ಚಪ್ಪಲಿ ಬಿಟ್ಟು ಕಾದ ಕಲ್ಲಿನ ಮೇಲೆ ನಡೆಯುವಾಗ ಅದರ ಬೆಲೆ ಗೊತ್ತಾಗುತ್ತದೆ.

ಟಿಕೆಟ್, ಗೈಡ್

ಕೋಟೆ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸುಪರ್ದಿನಲ್ಲಿದೆ. ಟಿಕೆಟ್ ದುಬಾರಿಯಲ್ಲ, 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ಟೇ ಇಲ್ಲ. ಬಾಗಿಲಲ್ಲಿ ಗೈಡ್‌ಗಳು ಸಿಗುತ್ತಾರೆ. ಮೊದಲ ಸಲ ಬಂದವರು ಒಬ್ಬರನ್ನು ಕರೆದುಕೊಳ್ಳಿ, ದಂಡ ಅಲ್ಲ. ಇಲ್ಲಿನ ದಾರಿಗಳನ್ನು ಹಿಂದಿನವರು ಕಟ್ಟಿದ್ದೇ ಹೊಸಬರಿಗೆ ತಿಳಿಯಬಾರದು ಅಂತ. ಆದರೆ ಹೊರಡುವ ಮೊದಲೇ ಮೂರು ಮಾತು ಕೇಳಿಕೊಳ್ಳಿ: ದುಡ್ಡೆಷ್ಟು, ಎಷ್ಟು ಹೊತ್ತು, ಎಲ್ಲಿಯವರೆಗೆ. “ನಮ್ಮ ಜೊತೆ ವಯಸ್ಸಾದವರಿದ್ದಾರೆ, ನಿಧಾನಕ್ಕೆ ಹೋಗಬೇಕು” ಅಂತ ಮೊದಲೇ ಹೇಳಿದರೆ ಅವರೂ ಹಾಗೇ ಕರೆದುಕೊಂಡು ಹೋಗುತ್ತಾರೆ.

ನೀರಿನ ಕಣ್ಣಲ್ಲಿ ಕೋಟೆ ನೋಡಿ

ಕಾಮನಬಾಗಿಲಲ್ಲಿ ಒಳಗೆ ಬಂದ ಕೂಡಲೇ ಎಲ್ಲರೂ ಕೇಳೋದು “ಓಬವ್ವನ ಕಿಂಡಿ ಎಲ್ಲಿ?” ಅಂತ. ತಪ್ಪಿಲ್ಲ. ‘ನಾಗರಹಾವು’ ಸಿನಿಮಾ 1972ರಲ್ಲಿ ಬಂದಾಗಿನಿಂದ ಜಯಂತಿಯವರ ಓಬವ್ವ ಕನ್ನಡಿಗರ ಕಣ್ಣಲ್ಲಿ ಕೂತುಬಿಟ್ಟಿದ್ದಾಳೆ. ಆದರೆ ಕಿಂಡಿಯೊಂದನ್ನೇ ನೋಡಿದರೆ ಅದು ಎರಡು ಬಂಡೆಯ ನಡುವಿನ ಒಂದು ಸಂದು, ಅಷ್ಟೆ. “ಇಷ್ಟೇನಾ?” ಅಂತ ಬೇಜಾರಾಗಿ ಹೋದವರೂ ಇದ್ದಾರೆ. ದಾರಿಯ ಉಳಿದದ್ದನ್ನು ನೋಡಿಕೊಂಡು ಹೋದರೆ ಆ ಸಂದಿನ ಬೆಲೆ ತಿಳಿಯುತ್ತದೆ.

ಹಾವಿನ ಹಾಗೆ ಸುತ್ತಿ ಸುತ್ತಿ ಹೋಗುವ ದಾರಿಯನ್ನ ಗಮನಿಸಿ. ಆನೆಯಾಗಲಿ ಕುದುರೆಯಾಗಲಿ ನೇರ ನುಗ್ಗಿ ಬರಲಾಗದಂತೆ ಒಂದೊಂದು ಬಾಗಿಲಿಗೂ ಒಂದೊಂದು ತಿರುವು. ಗೋಡೆಯ ಕಲ್ಲುಗಳನ್ನು ಒಂದಕ್ಕೊಂದು ಹೇಗೆ ಕೂರಿಸಿದ್ದಾರೆ ಅಂತ ಕೈಯಿಟ್ಟು ನೋಡಿ. ಮುಂದೆ ಬೀಸುವ ಕಲ್ಲುಗಳ ಗುಂಡಿ ಬರುತ್ತದೆ. ಹಳ್ಳಿ ಮನೆಯ ಬೀಸುಕಲ್ಲನ್ನೇ ನೂರು ಪಟ್ಟು ದೊಡ್ಡದು ಮಾಡಿದ ಹಾಗಿರುವ ನಾಲ್ಕು ಕಲ್ಲು. ತೋಪಿನ ಮದ್ದು ಅರೆಯಲು ಇದ್ದವು ಅಂತ ಹೇಳುತ್ತಾರೆ. ಮಕ್ಕಳು ಇಲ್ಲಿಂದ ಬೇಗ ಕದಲೋದಿಲ್ಲ. ದೊಡ್ಡವರಿಗೂ ಅದು ಮೊದಲ ವಿಶ್ರಾಂತಿ. ಹತ್ತು ನಿಮಿಷ ಕೂರಿ, ನೀರು ಕುಡಿಯಿರಿ.

ಮೇಲೆ ಏಕನಾಥೇಶ್ವರಿ, ಎತ್ತರದ ದೀಪಸ್ತಂಭ, ಉಯ್ಯಾಲೆ ಕಂಬ. ಆಮೇಲೆ ಹಿಡಿಂಬೇಶ್ವರ. ಹಿಡಿಂಬನ ಹಲ್ಲು ಅಂತ ಅಲ್ಲೊಂದು ದೊಡ್ಡ ಮೂಳೆ ಇಟ್ಟಿದ್ದಾರೆ. ನಂಬೋದು ಬಿಡೋದು ನಿಮಗೆ ಬಿಟ್ಟದ್ದು, ಮಕ್ಕಳಂತೂ ನಂಬುತ್ತಾರೆ. ಬಂಡೆಯ ಬುಡದಲ್ಲಿ ಸಂಪಿಗೆ ಸಿದ್ದೇಶ್ವರ. ದುರ್ಗದ ನಾಯಕರಿಗೆ ಪಟ್ಟ ಕಟ್ಟುತ್ತಿದ್ದದ್ದು ಈ ಗುಡಿಯ ಮುಂದೆ ಅನ್ನುತ್ತಾರೆ. 1568ರ ಸುಮಾರಿಗೆ ತಿಮ್ಮಣ್ಣ ನಾಯಕನಿಂದ ಶುರುವಾಗಿ 1779ರವರೆಗೆ ಇನ್ನೂರಕ್ಕೂ ಹೆಚ್ಚು ವರ್ಷ ಒಂದು ರಾಜ್ಯ ಇಲ್ಲಿಂದ ನಡೆಯಿತು. ಅರಮನೆಯ ಕಡೆ ಈಗ ನಿಂತಿರುವುದು ಮಣ್ಣಿನ ಗೋಡೆಗಳ ಮೋಟು ಮಾತ್ರ.

ಇಲ್ಲಿಗೆ ಬಂದವರು ಸಾಮಾನ್ಯವಾಗಿ ಕೇಳದ ಒಂದು ಪ್ರಶ್ನೆಯನ್ನ ನೀವು ಕೇಳಿ: ಈ ಕಲ್ಲಿನ ಮೇಲೆ ಅಷ್ಟು ಜನ, ಕುದುರೆ, ಆನೆ ಕುಡಿದದ್ದು ಯಾವ ನೀರು? ಹತ್ತಿರದಲ್ಲಿ ಹೊಳೆಯಿಲ್ಲ. ಮಳೆಯೂ ಕಡಿಮೆ, ನಮ್ಮದು ಮೊದಲಿನಿಂದಲೂ ಬರದ ಸೀಮೆ. ಉತ್ತರ ನಿಮ್ಮ ಕಾಲ ಕೆಳಗೇ ಇದೆ. ಬಂಡೆಯ ಮೇಲೆ ಬಿದ್ದ ಮಳೆ ಹರಿದು ಗೋಪಾಲಸ್ವಾಮಿ ಹೊಂಡಕ್ಕೆ, ಅದು ತುಂಬಿದರೆ ಅಕ್ಕ-ತಂಗಿಯರ ಹೊಂಡಕ್ಕೆ, ಹೆಚ್ಚಾದದ್ದು ಕೆಳಗಿಳಿದು ಸಿಹಿನೀರು ಹೊಂಡಕ್ಕೆ, ಅಲ್ಲಿಂದ ಊರಿನ ಸಂತೆ ಹೊಂಡಕ್ಕೆ. ಒಂದು ಹನಿಯನ್ನೂ ಸುಮ್ಮನೆ ಬಿಟ್ಟಿಲ್ಲ. ಮನೆಯಲ್ಲಿ ಅಕ್ಕಿ ತೊಳೆದ ನೀರನ್ನ ಗಿಡಕ್ಕೆ ಹಾಕುವ ಹೆಂಗಸರಿಗೆ ಈ ಲೆಕ್ಕ ತಟ್ಟನೆ ಅರ್ಥವಾಗುತ್ತದೆ. ಈ ಕೋಟೆಯನ್ನ ಶತ್ರು ತಿಂಗಳುಗಟ್ಟಲೆ ಸುತ್ತುವರಿದರೂ ಒಳಗಿನವರು ತಡೆದುಕೊಂಡದ್ದು ಗೋಡೆಯೊಂದರಿಂದಲೇ ಅಲ್ಲ, ಈ ಹೊಂಡಗಳಿಂದಲೂ ಹೌದು. ಅಕ್ಕ-ತಂಗಿಯರ ಹೊಂಡಕ್ಕೆ ಕೋಟೆ ಬಿದ್ದ ಮೇಲೆ ನಾಯಕನ ರಾಣಿಯರು ಹಾರಿದರು ಅನ್ನುವ ಕಥೆಯೂ ಇದೆ. ದಂಡೆಯಲ್ಲಿ ನಿಂತು ಸೆಲ್ಫಿ ತೆಗೆಯೋದು ಬೇಡ, ಮೆಟ್ಟಿಲು ಪಾಚಿಗಟ್ಟಿರುತ್ತವೆ.

ಈಗ ಕಿಂಡಿಗೆ ಬನ್ನಿ. ಕಥೆ ನಿಮಗೆ ಗೊತ್ತೇ ಇದೆ. ಕಾವಲುಗಾರ ಮುದ್ದ ಹನುಮ ಊಟಕ್ಕೆ ಬಂದಿದ್ದಾನೆ, ಮನೆಯಲ್ಲಿ ಕುಡಿಯಲು ನೀರಿಲ್ಲ. ಹೆಂಡತಿ ಕೊಡ ಹಿಡಿದು ಹೊರಡುತ್ತಾಳೆ. ನೀರು ತರಲು ಹೋದವಳಿಗೆ ಕಿಂಡಿಯಲ್ಲಿ ಹೈದರನ ಸೈನಿಕರು ತೂರಿಕೊಂಡು ಬರುವುದು ಕಾಣುತ್ತದೆ. ಒನಕೆ ಆಮೇಲಿನ ಮಾತು, ಮೊದಲು ಇದ್ದದ್ದು ಕೊಡ. ಕಿಂಡಿಯ ಹತ್ತಿರವೇ ತಣ್ಣೀರು ದೋಣಿ ಇದೆ, ಬಂಡೆಯ ಸಂದಿನಲ್ಲಿ ಸದಾ ತಣ್ಣಗಿರುವ ನೀರು. ಅದನ್ನೂ ನೋಡಿಯೇ ಬನ್ನಿ, ಕುಡಿಯಬೇಡಿ. ಎರಡನ್ನೂ ಒಟ್ಟಿಗೆ ನೋಡಿದರೆ “ಇಷ್ಟೇನಾ?” ಅನ್ನುವ ಮಾತು ಬಾಯಿಗೆ ಬರೋದಿಲ್ಲ.

ವಯಸ್ಸಾದವರು, ಮಕ್ಕಳು ಜೊತೆಗಿದ್ದರೆ

ಮಂಡಿ ನೋವಿನವರು ಏಕನಾಥೇಶ್ವರಿವರೆಗೆ ಬಂದು ಕೂತರೂ ಕೋಟೆ ನೋಡಿದ ಹಾಗೇ. ಅವರೊಬ್ಬರನ್ನೇ ಕೂರಿಸಿ ಉಳಿದವರೆಲ್ಲ ಹೋಗಬೇಡಿ, ಜೊತೆಗೊಬ್ಬರು, ಒಂದು ಬಾಟಲಿ ನೀರು, ಚಾರ್ಜ್ ಇರುವ ಫೋನು ಇರಲಿ. ಇಪ್ಪತ್ತು ನಿಮಿಷಕ್ಕೊಮ್ಮೆ ನಿಲ್ಲುವುದನ್ನು ನಿಯಮ ಮಾಡಿಕೊಳ್ಳಿ. “ಸುಸ್ತಾಯ್ತಾ?” ಅಂತ ಕೇಳಿದರೆ ನಮ್ಮ ಹಿರಿಯರು ಯಾವತ್ತೂ “ಇಲ್ಲ” ಅಂತಲೇ ಅನ್ನೋದು. ಕೇಳಬೇಡಿ, ನೀವೇ ಕೂತುಬಿಡಿ, ಅವರೂ ಕೂರುತ್ತಾರೆ. ಮಾತು ತೊದಲಿದರೆ, ತಲೆ ಸುತ್ತಿದರೆ, ಬಿಸಿಲಲ್ಲಿ ಬೆವರು ನಿಂತರೆ ಅಲ್ಲಿಗೇ ನಿಲ್ಲಿಸಿ, ನೆರಳಿಗೆ ಕರೆದೊಯ್ದು ಮೈ ತಣ್ಣಗೆ ಮಾಡಿ, ತಡಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಹರೆಯದ ಹುಡುಗರಿಗೆ ತುಪ್ಪದ ಕೊಳದ ಬಂಡೆ ಹತ್ತುವ ಆಸೆ. ಕಡಿದಾದ ಬಂಡೆಯಲ್ಲಿ ಕಾಲು ತೂರುವಷ್ಟು ಕಚ್ಚು ಕೊರೆದಿದ್ದಾರೆ, ಹತ್ತುವಾಗ ಸುಲಭ ಅನಿಸುತ್ತದೆ. ಇಳಿಯುವಾಗ ಕಾಲಿಡುವ ಜಾಗ ಕಣ್ಣಿಗೆ ಕಾಣೋದಿಲ್ಲ, ಅಲ್ಲೇ ಅಳುತ್ತಾ ಕೂತವರಿದ್ದಾರೆ. ಕೆಳಗಿಂದ ನೋಡಿದರೆ ಸಾಕು. ಇನ್ನು ಕಲ್ಲಿನ ಮೇಲೆ ಹೆಸರು ಕೆತ್ತುವ ಚಾಳಿಯನ್ನ ಮಕ್ಕಳಿಗೆ ಮನೆಯಲ್ಲೇ ಬಿಡಿಸಿ ಕರೆತನ್ನಿ.

ಇಳಿದ ಮೇಲೆ

ಊರಿನ ರಂಗಯ್ಯನ ಬಾಗಿಲಲ್ಲಿ ಸರ್ಕಾರಿ ವಸ್ತುಸಂಗ್ರಹಾಲಯವಿದೆ. ರಜೆಯ ದಿನ ಯಾವುದು ಅಂತ ವಿಚಾರಿಸಿಕೊಂಡು ಹೋಗಿ. ಊಟಕ್ಕೆ ಮುದ್ದೆ, ರೊಟ್ಟಿ ಎರಡೂ ಸಿಗುವ ಊರು ನಮ್ಮದು. ಸಂಜೆಯಾದರೆ ಮಂಡಕ್ಕಿ, ಬಿಸಿ ಮೆಣಸಿನಕಾಯಿ ತಿನ್ನದೆ ಹೋಗಬೇಡಿ.

ಬಿಸಿಲು ಇಳಿದ ಮೇಲೆ ಚಂದ್ರವಳ್ಳಿ. ಗುಡ್ಡಗಳ ನಡುವೆ ಕೆರೆ, ಅದರ ಮಗ್ಗುಲಲ್ಲಿ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಶಾಸನ. ಅದೂ ಕೆರೆಯ ವಿಚಾರವೇ! ಕೋಟೆ ಕಟ್ಟುವುದಕ್ಕೆ ಸಾವಿರ ವರ್ಷಕ್ಕೂ ಮುಂಚೆ ಇಲ್ಲಿನವರ ಚಿಂತೆ ನೀರೇ ಆಗಿತ್ತು ಅನ್ನೋದಕ್ಕೆ ಬೇರೆ ಸಾಕ್ಷಿ ಬೇಡ. ಇಲ್ಲಿ ಉತ್ಖನನದಲ್ಲಿ ರೋಮನ್ ನಾಣ್ಯಗಳೂ ಸಿಕ್ಕಿವೆ. ಅಂಕಲಿ ಮಠದ ಗುಹೆಗಳೊಳಗೆ ಕತ್ತಲು, ಟಾರ್ಚು ಮತ್ತು ಗೊತ್ತಿದ್ದವರು ಜೊತೆಗಿಲ್ಲದೆ ಇಳಿಯಬೇಡಿ.

ಎರಡನೇ ದಿನ ಇದ್ದರೆ

ಬೆಂಗಳೂರಿಗೆ ವಾಪಸ್ ಹೋಗುವವರು ಹಿರಿಯೂರಿನಲ್ಲಿ ತೇರುಮಲ್ಲೇಶ್ವರನಿಗೆ ಕೈಮುಗಿದು, ಹೊಸದುರ್ಗದ ಕಡೆ ತಿರುಗಿ ವಾಣಿವಿಲಾಸ ಸಾಗರ ನೋಡಿ. ನಮ್ಮ ಜನರ ಬಾಯಲ್ಲಿ ಅದು ಮಾರಿಕಣಿವೆ. ವೇದಾವತಿಗೆ ಎರಡು ಗುಡ್ಡದ ನಡುವೆ ಕಟ್ಟಿ 1907ರಲ್ಲಿ ಮುಗಿಸಿದ ಅಣೆಕಟ್ಟು. 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷದ ಮೇಲೆ. ಆ ದಿನಗಳಲ್ಲಿ ಜಾತ್ರೆಗೆ ಹೋದ ಹಾಗೆ ಜನ ಬುತ್ತಿ ಕಟ್ಟಿಕೊಂಡು ಹೋಗಿ, ಹರಿಯೋ ನೀರು ನೋಡಿ ಬಂದರು. ಅಜ್ಜಂದಿರು ಹೇಳಿದ್ದ ಕೋಡಿಯನ್ನ ಮೊಮ್ಮಕ್ಕಳು ನೋಡಿದ್ದು. ನೀರು ತುಂಬಿದ್ದಾಗ ಹಿನ್ನೀರಿಗೆ ಇಳಿಯುವ ದುಸ್ಸಾಹಸ ಮಾತ್ರ ಬೇಡ.

ಹೊಸದುರ್ಗ ತಾಲ್ಲೂಕಿನಲ್ಲಿ ಹಾಲುರಾಮೇಶ್ವರ, ರಂಗಭೂಮಿಯ ಪ್ರೀತಿ ಇದ್ದವರಿಗೆ ಸಾಣೇಹಳ್ಳಿ. ನಾಟಕೋತ್ಸವದ ದಿನಗಳಿಗೆ ಹೊಂದಿಸಿಕೊಂಡು ಬಂದರೆ ಇನ್ನೂ ಒಳ್ಳೇದು. ಶಿವಮೊಗ್ಗದ ಕಡೆ ಹೋಗುವವರಿಗೆ ಹೊಳಲ್ಕೆರೆಯ ಬಯಲು ಗಣಪತಿ ದಾರಿಯಲ್ಲೇ ಸಿಗುತ್ತಾನೆ. ಬಿಸಿಲು ಮಳೆಗೆ ಬಯಲಲ್ಲೇ ಕೂತ ದೊಡ್ಡ ಗಣಪ. ಇವೆಲ್ಲವನ್ನೂ ಕೋಟೆಯ ದಿನವೇ ತುರುಕಬೇಡಿ. ಒಂದೇ ದಿನಕ್ಕೆ ಐದು ಊರು ಮುಗಿಸಿದವರನ್ನ ಆಮೇಲೆ ಕೇಳಿದರೆ ನೆನಪಿರೋದು ಕಾರಿನ ಕಿಟಕಿ ಮಾತ್ರ.

ಕೊನೆಗೊಂದು ಮಾತು

ಕಳೆದ ಡಿಸೆಂಬರ್‌ನಲ್ಲಿ ಮಾವನ ಮಗಳು ಅತ್ತೆಯನ್ನ ಕರೆದುಕೊಂಡು ಬಂದಳು. ಅತ್ತೆಗೆ ಈಗ ಅರವತ್ತೆಂಟು. ಹಿಂದಿನ ರಾತ್ರಿಯೇ ಬಂದು ನಮ್ಮಲ್ಲೇ ಉಳಿದರು. ಬೆಳಿಗ್ಗೆ ಬೇಗ ಹೊರಟು ಕೂತು ಎದ್ದು, ಕೂತು ಎದ್ದು ಹತ್ತಿದೆವು. ಏಕನಾಥೇಶ್ವರಿ ಹತ್ತಿರ ಬಂದಾಗ ಯಾರೂ ಏನೂ ಮಾತಾಡಲಿಲ್ಲ. ಸಂಪಿಗೆ ಸಿದ್ದೇಶ್ವರನ ಮುಂದೆ ಅತ್ತೆ ಎರಡು ಊದುಬತ್ತಿ ಹಚ್ಚಿದರು, ಒಂದು ತಮ್ಮದು, ಒಂದು ಮಾವನದು.

ಕಿಂಡಿಯ ಹತ್ತಿರ ಕೂತು ಗೈಡ್ ಹೇಳಿದ ಕಥೆಯನ್ನೆಲ್ಲ ಕೇಳಿದ ಮೇಲೆ ಅತ್ತೆ ಮೆಲ್ಲಗೆ ಅಂದರು: “ಗಂಡಂಗೆ ನೀರು ತರೋಕೆ ಬಂದೋಳು ಕಣೇ ಅವಳು. ಅವತ್ತು ನಾನೂ ಇನ್ನೊಂದು ಬಾಟ್ಲಿ ನೀರು ಇಟ್ಕೊಂಡಿದ್ದಿದ್ರೆ ಅವರು ಇಲ್ಲೀವರೆಗೆ ಬರ್ತಿದ್ರೇನೋ.”

“ಇಲ್ಲ ಅತ್ತೆ, ಒಂದು ಗಂಟೆ ಸಾಕು ಅಂದೋಳು ನಾನು” ಅಂದೆ. ಇಷ್ಟು ವರ್ಷ ಹೇಳದೇ ಇದ್ದ ಮಾತು. ಅತ್ತೆ ನನ್ನ ಕೈ ಹಿಡಿದುಕೊಂಡು, “ಹೋಗ್ಲಿ ಬಿಡು, ಇವತ್ತು ಬಂದ್ವಲ್ಲ” ಅಂದರು. ಆಮೇಲೆ ಚೀಲದಿಂದ ನೀರಿನ ಬಾಟಲಿ ತೆಗೆದು ಮೊದಲು ನನಗೆ ಕೊಟ್ಟರು.

ಹಾಗಾಗಿ ದುರ್ಗಕ್ಕೆ ಬರುವವರೇ, ಬೆಳಿಗ್ಗೆ ಬೇಗ ಬನ್ನಿ, ನೀರು ತನ್ನಿ, ಅರ್ಧ ದಿನ ಬಿಡುವು ಮಾಡಿಕೊಂಡು ಬನ್ನಿ. ಮನೆಯ ಹಿರಿಯರು ಯಾರಾದರೂ “ದುರ್ಗ ಒಂದ್ಸಲ ನೋಡ್ಬೇಕು” ಅಂತ ಬಹಳ ದಿನದಿಂದ ಅಂತಿದ್ದರೆ ಮದುವೆಗೆ ಹೋಗುವ ದಾರಿಗೆ ಅದನ್ನ ಗಂಟು ಹಾಕಬೇಡಿ. ಅದಕ್ಕೆ ಅಂತಲೇ ಒಂದು ದಿನ ಇಟ್ಟುಕೊಂಡು ಕರೆತನ್ನಿ.